ಪದಚರ್ಚೆ: “ಮೆಮೊರಿ ಸಾಲಲಿಲ್ಲ” ಅಂದರೆ ಯಾವ ಮೆಮೊರಿ?

ಪ್ರಶ್ನೆ (ದಾವಣಗೆರೆಯಿಂದ): ದೊಡ್ಡ ಡೇಟಾಬೇಸಿನ ಬ್ಯಾಕಪ್ ತೆಗೆಯುವವರಿಗೆಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇವೆ. “ಮೆಮೊರಿ ಸಾಲದೆ ಬ್ಯಾಕಪ್ ನಿಂತಿತು” ಅಂತ ಬರೆದರೆ ಓದಿದವರು ಹೊಸ ಹಾರ್ಡ್‌ಡಿಸ್ಕ್ ಕೇಳುತ್ತಾರೆ. ನಮ್ಮಲ್ಲಿ ಫೋನಿನ ತುಂಬ ಫೋಟೊ ಆದರೂ “ಮೆಮೊರಿ ಫುಲ್ ಆಗೇತಿ” ಅನ್ನೋದೇ ರೂಢಿ. “ಸ್ಮೃತಿ” ಅನ್ನಬಹುದೆ? ಬಫರ್ ಮಾಡುವುದಕ್ಕೆ, ಅಂದರೆ ಡೇಟಾವನ್ನು ಮುಂದೆ ಕಳಿಸುವ ಮೊದಲು ತಾತ್ಕಾಲಿಕವಾಗಿ ಕೂಡಿಡುವುದಕ್ಕೆ, ಏನನ್ನೋಣ?

ಉತ್ತರ: ಸ್ಮೃತಿ ಬೇಡ ಸರ್, ಓದುವವರಿಗೆ ಮನು ನೆನಪಾಗುತ್ತಾನೆ. “ಮೆಮೊರಿ”ಯನ್ನೂ ಕೈಬಿಟ್ಟು ರ‍್ಯಾಮ್, ಡಿಸ್ಕ್ ಅಂತಲೇ ಬರೆಯಿರಿ. ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಡೇಟಾ ಇಡುವ ತಾತ್ಕಾಲಿಕ ಜಾಗ, ಡಿಸ್ಕ್ ಅಂದರೆ ಕಡತಗಳು ಉಳಿಯುವ ಜಾಗ. ಎರಡೂ ತುಂಬಿದಾಗಿನ ಲಕ್ಷಣ ಬೇರೆ. ಡಿಸ್ಕ್ ತುಂಬಿದರೆ “ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್” ಅಂತ ಬರುತ್ತದೆ. ರ‍್ಯಾಮ್ ಮುಗಿದರೆ ಲಿನಕ್ಸ್ (ಸರ್ವರ್ ನಡೆಸುವ ಆಪರೇಟಿಂಗ್ ಸಿಸ್ಟಮ್) ಯಾವುದಾದರೂ ಪ್ರೋಸೆಸ್ಸನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಕೊಲ್ಲುತ್ತದೆ. ಪರದೆ ಮೇಲೆ “ಕಿಲ್ಡ್” ಅಂತ ಒಂದೇ ಪದ, ವಿವರ ಕರ್ನಲ್ ಲಾಗಿನಲ್ಲಿ (ಲಿನಕ್ಸಿನ ತಿರುಳು ಬರೆದಿಡುವ ದಾಖಲೆ). ಹೆಚ್ಚು ರ‍್ಯಾಮ್ ಹಿಡಿದವನಿಗೇ ಮೊದಲ ಏಟು. ಹಾಗಾಗಿ ಬ್ಯಾಕಪ್ ಬದಲು ಡೇಟಾಬೇಸ್ ಸರ್ವರೇ ಸಾಯುವುದೂ ಉಂಟು.

ಬಫರಿಗೆ ನಾಮಪದ ಹುಡುಕಬೇಡಿ, “ಒಟ್ಟು” (ರಾಶಿ ಹಾಕು) ಎಂಬ ಕ್ರಿಯಾಪದ ಸಾಕು. ಎಪಿಎಂಸಿ ಗೋದಾಮಿನಿಂದ ಮೆಕ್ಕೆಜೋಳ ಹೇರುವ ಹಮಾಲರು ಚೀಲವನ್ನೆಲ್ಲ ಮೊದಲು ಅಂಗಳದಲ್ಲಿ ಒಟ್ಟುವುದಿಲ್ಲ, ಬಂದ ಚೀಲ ಬಂದಹಾಗೆ ಲಾರಿಗೆ. ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಪಠ್ಯ ಕಡತವಾಗಿ (ಡಂಪ್) ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಉಪಕರಣದ “ಕ್ವಿಕ್” ಆಯ್ಕೆ ಮಾಡುವುದೂ ಅದನ್ನೇ: ಟೇಬಲ್ಲನ್ನೆಲ್ಲ ರ‍್ಯಾಮಿನಲ್ಲಿ ಒಟ್ಟದೆ ಸಾಲುಸಾಲಾಗಿ ಕಳಿಸುತ್ತದೆ. ಹೆಸರು ನೋಡಿ ಅದನ್ನು “ವೇಗ” ಅಂತ ಅನುವಾದಿಸಿದರೆ ಕೆಟ್ಟಿತು. ಈ ಆಯ್ಕೆ ಮೊದಲಿನಿಂದಲೇ ಚಾಲೂ ಇರುತ್ತದೆ. ಯಾರೋ “ಸ್ಕಿಪ್-ಆಪ್ಟ್” (ಮೊದಲಿನಿಂದ ಚಾಲೂ ಇರುವ ಇಂಥ ಆಯ್ಕೆಗಳ ಗುಂಪನ್ನೇ ತೆಗೆಯುವ ಆಯ್ಕೆ) ಹಾಕಿದಾಗ ಸದ್ದಿಲ್ಲದೆ ಬಂದ್ ಆಗುತ್ತದೆ. 8 ಜಿಬಿ ರ‍್ಯಾಮಿನ ಯಂತ್ರ 12 ಜಿಬಿ ಟೇಬಲ್ಲಿಗೆ ಮುಗ್ಗರಿಸುವುದು ಆಗಲೇ. ಕ್ವಿಕ್ ಇದ್ದರೂ ಒಂದು ಸಾಲಂತೂ ಇಡಿಯಾಗಿ ರ‍್ಯಾಮಿಗೆ ಬರಲೇಬೇಕು. ಸ್ಕ್ಯಾನ್ ಮಾಡಿದ ಕಡತಗಳನ್ನು ಟೇಬಲ್ಲಿನೊಳಗೇ ತುಂಬಿದ್ದರೆ “ಹೆಕ್ಸ್-ಬ್ಲಾಬ್” ಆಯ್ಕೆ (ಬೈನರಿ ಡೇಟಾವನ್ನು ಹದಿನಾರಂಕಿ ಅಕ್ಷರಗಳಾಗಿ ಬರೆಯುವುದು) ಡಂಪಿನಲ್ಲಿ ಅವುಗಳ ಗಾತ್ರವನ್ನು ಇಮ್ಮಡಿ ಮಾಡುತ್ತದೆ ಎಂದೂ ಬರೆಯಿರಿ.

ರ‍್ಯಾಮ್ ಎಷ್ಟು ಉಳಿದಿದೆ ಎಂದು ತೋರಿಸುವ ಲಿನಕ್ಸಿನ “ಫ್ರೀ” ಆಜ್ಞೆಯ ಫಲಿತಾಂಶಕ್ಕೆ ಎರಡು ಪದ ಬೇಕು. “ಫ್ರೀ” ಕಾಲಮಿಗೆ ಖಾಲಿ, “ಅವೈಲಬಲ್” ಕಾಲಮಿಗೆ ಸಿಗುವಷ್ಟು. ಬ್ಯಾಕಪ್ ನಡೆಯುವಾಗ ಓದಿದ ಕಡತಗಳು ಕ್ಯಾಶಿನಲ್ಲಿ (ಮತ್ತೆ ಬೇಕಾದೀತೆಂದು ರ‍್ಯಾಮಿನಲ್ಲಿಡುವ ಪ್ರತಿ) ಕೂರುವುದರಿಂದ ಖಾಲಿ ತೀರಾ ಇಳಿಯುತ್ತದೆ. ಅದು ಸಹಜ, ಬೇಕಾದಾಗ ಲಿನಕ್ಸ್ ಆ ಜಾಗ ಬಿಟ್ಟುಕೊಡುತ್ತದೆ. ಸಿಗುವಷ್ಟು ಇಳಿದರೆ ಮಾತ್ರ ಗಾಬರಿಪಡಿ.

ಬ್ಯಾಕಪ್ ಫೈಲನ್ನು ಕುಗ್ಗಿಸುವ ಜಿಜಿಪ್, ಎಕ್ಸ್‌ಜಡ್‌ನಂಥ ಉಪಕರಣಕ್ಕೂ ರ‍್ಯಾಮ್ ಬೇಕು. ಜಿಜಿಪ್ಪಿನ ಕಿಟಕಿ (ಅದು ಒಮ್ಮೆಗೆ ಹಿಂತಿರುಗಿ ನೋಡುವ ಡೇಟಾ) ಬರೀ 32 ಕೆಬಿ. ಎಕ್ಸ್‌ಜಡ್ 9ನೇ ಮಟ್ಟಕ್ಕೆ 674 ಎಂಬಿ ಹತ್ತಿರ ಕೇಳುತ್ತದೆ, ಥ್ರೆಡ್ (ಏಕಕಾಲಕ್ಕೆ ಕೆಲಸ ಮಾಡುವ ಎಳೆ) ಹೆಚ್ಚಿಸಿದರೆ ಇನ್ನೂ ಹೆಚ್ಚು. ಸಣ್ಣ ಸರ್ವರಿಗೆ ಜಿಜಿಪ್ಪೇ ವಾಸಿ.

“ಡಂಪ್ ತೆಗಿ” ಅನ್ನುವುದು ಹಾಗೇ ಇರಲಿ, ಎಲ್ಲರಿಗೂ ಗೊತ್ತು. ಆದರೆ “ಡಂಪ್ ಆಯ್ತು” ಅನ್ನುವುದಕ್ಕೆ ಅರ್ಥ ಕಟ್ಟಿಕೊಡಿ. ಪೈಪಿನಲ್ಲಿ (ಒಂದು ಆಜ್ಞೆಯ ಫಲಿತವನ್ನು ನೇರ ಇನ್ನೊಂದಕ್ಕೆ ಹರಿಸುವಾಗ) ಡಂಪ್ ಅರ್ಧಕ್ಕೆ ಸತ್ತರೂ ಆಚೆಯ ಜಿಜಿಪ್ ತನ್ನ ಪಾಡಿಗೆ ಫೈಲ್ ಮುಚ್ಚಿ ಸೊನ್ನೆ ಕೋಡ್, ಅಂದರೆ “ಯಶಸ್ಸು” ಎಂಬ ಸಂಕೇತ, ಕೊಡುತ್ತದೆ. ಪೈಪಿನ ಯಾವ ಆಜ್ಞೆ ಸೋತರೂ ಗೊತ್ತಾಗುವಂತೆ ಬ್ಯಾಶ್ ಸ್ಕ್ರಿಪ್ಟಿನಲ್ಲಿ “ಪೈಪ್‌ಫೇಲ್” ಹಾಕಿಸಿ. ಫೈಲ್ ಬಿಚ್ಚಿ ಕೊನೆಯ ಸಾಲಿನಲ್ಲಿ “ಡಂಪ್ ಕಂಪ್ಲೀಟೆಡ್” ಕಂಡಮೇಲಷ್ಟೇ ಆಯ್ತು ಅನ್ನಲಿ.