ಸಹಾಯ ಬೇಕು: ಜರ್ಮನ್ ‘ಗೆಲಾಬರ್’ಗೆ ಇಂಗ್ಲಿಷಿನಲ್ಲಿ ಏನನ್ನೋದು?

ಎಲ್ಲರಿಗೂ ನಮಸ್ಕಾರ. ಒಂದು ಜರ್ಮನ್ ಕಿರುನಾಟಕವನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಒಂದೇ ಪದದ ಹತ್ತಿರ ಮೂರು ದಿನದಿಂದ ಗಾಡಿ ನಿಂತಿದೆ. ಮೀಟಿಂಗಿನಿಂದ ಹೊರಬಂದ ಹುಡುಗಿ ಗೆಳತಿಗೆ ಹೇಳುತ್ತಾಳೆ: ‘ಎರಡು ಗಂಟೆ ಬರೀ ಗೆಲಾಬರ್!’

‘ಲಾಬರ್ನ್’ ಅಂದರೆ ಕೊನೆಮೊದಲಿಲ್ಲದೆ ವಟಗುಟ್ಟುವುದು. ಜೋತ ತುಟಿಗೆ ಆಡುಮಾತಿನಲ್ಲಿ ‘ಲಬ್ಬೆ’ ಅನ್ನುತ್ತಾರೆ, ಅದರಿಂದಲೇ ಹುಟ್ಟಿದ ಪದವಂತೆ. ಮುಂದೆ ‘ಗೆ’ ಸೇರಿದರೆ ‘ಇದು ಯಾವಾಗ ಮುಗಿಯುತ್ತಪ್ಪಾ’ ಅನ್ನೋ ಬೇಸರವೂ ಸೇರಿಕೊಳ್ಳುತ್ತದೆ. ಗೆರೇಡೆ, ಗೆಶ್ವೆಟ್ಸ್, ಗೆಶ್ವಾಫೆಲ್ ಎಲ್ಲ ಇದೇ ಜಾತಿಯವು. ಆದರೆ ಗೆಲಾಬರ್ ಹುಡುಗರ ಬಾಯಲ್ಲಿ ಜಾಸ್ತಿ. ಒರಟು, ಆದರೆ ಬೈಗುಳ ಅಲ್ಲ.

ಕನ್ನಡವಾಗಿದ್ದರೆ ‘ಬರೀ ಕೊರೆತ’ ಅಂತ ಬರೆದು ಟೀ ಕುಡಿಯಲು ಹೋಗುತ್ತಿದ್ದೆ! ಇಂಗ್ಲಿಷಿನಲ್ಲೇ ಕಷ್ಟ. ‘ವಾಫಲ್’ ಬ್ರಿಟನ್ನಿನವರಿಗೆ ಸರಿ, ಆದರೆ ಅಮೆರಿಕದವರಿಗೆ ಅದು ತಿಂಡಿ, ಇಲ್ಲವೇ ನಿರ್ಧಾರ ಮಾಡದೆ ಒದ್ದಾಡುವುದು. ‘ಟ್ವಾಡಲ್’ ಅಂದರೆ ಅಜ್ಜನ ಕಾಲದ ವಾಸನೆ. ‘ಹಾಟ್ ಏರ್’ನಲ್ಲಿ ಬಡಾಯಿ ಇದೆ, ಇಲ್ಲಿ ಯಾರೂ ಬಡಾಯಿ ಕೊಚ್ಚಿಲ್ಲ, ಸುಮ್ನೆ ಎಳೆದಿದ್ದಾರೆ ಅಷ್ಟೇ. ‘ಬುಲ್‌ಶಿಟ್’ ಬೇಡ, ಅದರಲ್ಲಿ ಸುಳ್ಳಿನ ಆರೋಪವೂ ಇದೆ, ಅಲ್ವಾ?

ಸದ್ಯಕ್ಕೆ ‘ಬ್ಲಾ ಬ್ಲಾ ಬ್ಲಾ’ ಅಂತ ಇಟ್ಟಿದ್ದೇನೆ. ಆದರೆ ಜರ್ಮನ್ನಿನಲ್ಲೂ ಬ್ಲಾಬ್ಲಾ ಇದೆ, ನಾಟಕದಲ್ಲಿ ಮುಂದೆ ಬರುತ್ತದೆ ಕೂಡ. ಇಪ್ಪತ್ತೈದರ ಹುಡುಗಿ ಸಲೀಸಾಗಿ ಆಡಬಹುದಾದ, ಎರಡೂ ದೇಶದವರಿಗೆ ತಿಳಿಯುವ ಪದ ಹೊಳೆದರೆ ಹೇಳಿ. ಒಂದೇ ಪದ ಆಗಬೇಕೆಂದಿಲ್ಲ, ಇಡೀ ಸಾಲನ್ನೇ ತಿರುಗಿಸಿ ಬರೆದರೂ ಆಯಿತು. ಭಾನುವಾರದೊಳಗೆ ಕಳಿಸಬೇಕು.