ಸಹಾಯ ಬೇಕು: ಯುವಜನ ಸಂಘಕ್ಕೆ ಹೊಸಬರನ್ನು ಬರಮಾಡಿಕೊಳ್ಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹಾಸನದ ನಮ್ಮ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ಯುವಜನ ಸಂಘದ ಪರವಾಗಿ ಕೇಳುತ್ತಿದ್ದೇನೆ. ಎಂಜಿನಿಯರಿಂಗ್, ವೈದ್ಯಕೀಯ ಓದಲೆಂದು ಬಂದು ಹಾಸ್ಟೆಲ್‌ಗಳಲ್ಲಿ ಉಳಿದವರು, ಸಕಲೇಶಪುರದ ಕಾಫಿ ತೋಟಗಳ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ಭಾನುವಾರದ ಬಲಿಪೂಜೆಗೆ (ಚರ್ಚಿನ ಆರಾಧನೆಗೆ) ತಪ್ಪದೆ ಬರುತ್ತಾರೆ; ಆದರೆ ಪೂಜೆ ಮುಗಿದ ಮೇಲೆ, ಚಿಕ್ಕಂದಿನಿಂದ ಒಟ್ಟಿಗೆ ಬೆಳೆದ ನಮ್ಮವರು ಅಂಗಳದಲ್ಲಿ ಗುಂಪುಗೂಡಿ ಕೊಂಕಣಿಯಲ್ಲೋ ತಮಿಳಿನಲ್ಲೋ ಮಾತಿಗಿಳಿದಾಗ, ಅವರು ಹಿಂಬಾಗಿಲ ಬಳಿ ಸ್ವಲ್ಪ ಹೊತ್ತು ಮೊಬೈಲ್ ನೋಡುತ್ತಾ ನಿಂತು ಹೊರಟುಹೋಗುತ್ತಾರೆ. ಎಲ್ಲರೆದುರು ನಿಲ್ಲಿಸಿ ಪರಿಚಯ ಹೇಳಿಸುವ ಪದ್ಧತಿ ಸಂಕೋಚದವರನ್ನು ಇನ್ನಷ್ಟು ದೂರ ಮಾಡುತ್ತದೆಂಬುದು ನನ್ನ ಅಭಿಪ್ರಾಯ. ಅದಕ್ಕಿಂತ, ಹೊಸಬರೊಬ್ಬರಿಗೆ ಹಳಬರೊಬ್ಬರು ಜೊತೆಯಾಗಿ, ಗಾಯನ ವೃಂದದಲ್ಲೋ ಪೀಠದ ಅಲಂಕಾರದಲ್ಲೋ ಮೊದಲ ವಾರವೇ ಒಂದು ಚಿಕ್ಕ ಕೆಲಸ ವಹಿಸಿಕೊಡುವುದು ಒಳ್ಳೆಯದೆನಿಸುತ್ತದೆ.

2021ರಿಂದ ಧರ್ಮಪ್ರಾಂತ್ಯಗಳ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶಗಳ) ಮಟ್ಟದ ಯುವಜನ ದಿನವನ್ನು ನವೆಂಬರ್ ಕೊನೆಯ ಭಾಗದಲ್ಲಿ ಬರುವ ಕ್ರಿಸ್ತರಾಜರ ಹಬ್ಬದಂದು ಆಚರಿಸಲಾಗುತ್ತಿದೆ. ಅಷ್ಟರೊಳಗೆ ಹೊಸಬರಿಗೆ ಹಳಬರು ಜೊತೆಯಾಗುವ ಈ ಪದ್ಧತಿಯನ್ನು ಆರಂಭಿಸುವ ಆಸೆ ನಮಗಿದೆ. 1963ರಲ್ಲಿ ಸ್ಥಾಪನೆಯಾದ, ಹಾಸನ ಜಿಲ್ಲೆಯನ್ನೂ ಒಳಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಬೇರೆ ಧರ್ಮಕೇಂದ್ರಗಳಲ್ಲಿ ಇಂಥ ಪ್ರಯತ್ನ ಮಾಡಿದವರಿದ್ದರೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್) ಸಭೆಯವರಾದರೂ ಸರಿ, ದಯವಿಟ್ಟು ನಿಮ್ಮ ಅನುಭವ ತಿಳಿಸಿ. ಕೂಟವನ್ನು ಯಾವ ಭಾಷೆಯಲ್ಲಿ ನಡೆಸುತ್ತೀರಿ? ಹಾಸ್ಟೆಲ್‌ನ ಹೆಣ್ಣುಮಕ್ಕಳು ಸಂಜೆ ಬೇಗ ಹಿಂದಿರುಗಬೇಕಾಗಿರುವುದರಿಂದ ಸಮಯವನ್ನು ಹೇಗೆ ಹೊಂದಿಸಿಕೊಂಡಿದ್ದೀರಿ?