ಸಹಾಯ ಬೇಕು: ಸ್ಕ್ರ್ಯಾಬಲ್‌ನಲ್ಲಿ ಯಾವ ಪದಪಟ್ಟಿ ನೋಡಬೇಕು?

ಗಂಗಾವತಿಯಲ್ಲಿ ನಾವು ಕೆಲವರು ಭಾನುವಾರ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ) ಆಡುತ್ತೇವೆ. 'ಕ್ಯೂ' ಅಕ್ಷರಕ್ಕೆ 10 ಅಂಕ, ಆದರೆ 'ಯು' ಸಿಗದಿದ್ದರೆ ಸುಮ್ನೆ ಕೈಯಲ್ಲೇ ಉಳಿಯುತ್ತದೆ. ಅದಕ್ಕೇ 'ಯು' ಬೇಡದ ಪದಗಳಾದ ಕ್ಯೂ-ಐ (ಚೀನಿಯರು ಹೇಳುವ ಜೀವಶಕ್ತಿ), ಕ್ಯೂ-ಎ-ಟಿ (ಯೆಮೆನ್ ಕಡೆ ನಮ್ಮ ಎಲೆ ಅಡಿಕೆಯ ಹಾಗೆ ಜಗಿಯುವ ಎಲೆ) ಕಲಿತೆವು. ಇವಕ್ಕೆ ತಕರಾರಿಲ್ಲ.

ಜಗಳ ಶುರುವಾಗಿದ್ದು ಝಡ್-ಓ ಇಂದ. ಯಾಕ್ ಮತ್ತು ಹಸುವಿನ ಮಿಶ್ರತಳಿಯಂತೆ! ಆಟದಲ್ಲಿ ಒಪ್ಪುವ ಪದಗಳ ಕಾಲಿನ್ಸ್ ಪಟ್ಟಿಯಲ್ಲಿದೆ, ಅಮೆರಿಕದ ಪಟ್ಟಿಯಲ್ಲಿಲ್ಲ. ಮನೆಯ ಡಿಕ್ಷನರಿಯಲ್ಲಿ ಸಿಗಲಿಲ್ಲ. ಒಂದು ಆ್ಯಪ್ ಹೂಂ ಅನ್ನುತ್ತದೆ, ಇನ್ನೊಂದು ಊಹೂಂ. ಮುಂದಿನ ತಿಂಗಳು ಕೊಪ್ಪಳದವರ ಜೊತೆ ಆಟವಿದೆ, ಅಲ್ಲಿ ರಂಪ ಬೇಡ ಅಲ್ವಾ?

ಟೂರ್ನಿ ಆಡಿದವರು ಹೇಳಿ: ನಮ್ಮ ದೇಶದಲ್ಲಿ ಯಾವ ಪಟ್ಟಿ ನಡೆಯುತ್ತದೆ? ಅದನ್ನು ಮೊಬೈಲ್‌ನಲ್ಲಿ ಪುಕ್ಕಟೆ ನೋಡುವುದು ಹೇಗೆ?